ಮಣ್ಣಿನ ತಟ್ಟೆಗೊಂದು ತುಪಾಕಿ

ಶಿವರಾತ್ರಿ ಕಳೆದಿತ್ತು. ಚಳಿ ಶಿವಶಿವ ಎಂದು ಹೊರಟುಹೋಗಿ, ಬಿಸಿಲು ಇನ್ನೂ ಮನೆಯೊಳಕ್ಕೆ ಕಾಲಿಡದೆ ಹೊಸ್ತಿಲಲ್ಲೇ ನಿಂತಿದ್ದ ಕಾಲ. ದನ ಮನೆಗೆ ಬರುವ ಹೊತ್ತು. ಹಿಂದೂಪುರದ ಬೆಲ್ಲದ ಮಂಡಿಯ ಅಮರೇಶಪ್ಪ ಪರಿಗಿ ಕಡೆಯ ಆಲೆಮನೆಯೊಂದರಲ್ಲಿ ಮಾತು ಮುಗಿಸಿ, ಪೆನ್ನಾ ಹೊಳೆಯ ಮರಳಿನ ಮೇಲೆ ಕೊಡೆ ಊರಿಕೊಂಡು ಮನೆಗೆ ಬರುತ್ತಿದ್ದ. ಅಷ್ಟರಲ್ಲಿ ಆಕಾಶದಲ್ಲಿ ಒಂದು ತಟ್ಟೆ ಹಾರಿತು.

ತಟ್ಟೆ ಎಂದರೆ ತಟ್ಟೆಯೇ. ಅಂಗೈ ಅಗಲದ್ದು, ಮಣ್ಣಿನದು, ಕುಡಿಕೆಯ ಮುಚ್ಚಳದ ಹಾಗೆ ಇತ್ತು. ಗಿರ್ರನೆ ತಿರುಗುತ್ತಾ ಮೇಲಕ್ಕೇರಿ, ಏರುವುದು ಮುಗಿದು ಇಳಿಯುವುದು ಶುರುವಾಗುವ ಮುಂಚೆ, ಎಲ್ಲಿಗೆ ಹೋಗೋಣ ಎಂದು ಯೋಚನೆ ಮಾಡುವಂತೆ ಒಂದು ಗಳಿಗೆ ನಿಂತಿತು. ಢಮ್ ಎಂದಿತು ಎಲ್ಲೋ. ತಟ್ಟೆ ಇದ್ದ ಜಾಗದಲ್ಲಿ ಒಂದು ಹಿಡಿ ಪುಡಿ ಉಳಿಯಿತು, ಅದಕ್ಕೂ ಮುಳುಗುವ ಸೂರ್ಯನ ಬಣ್ಣ ಹತ್ತಿ ಮೆಲ್ಲಗೆ ಕೆಳಗಿಳಿಯಿತು.

ಅಮರೇಶಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಬೆಲ್ಲದ ವ್ಯಾಪಾರಿಗೆ ತಲೆಯೆತ್ತಿ ನೋಡುವ ಅಭ್ಯಾಸವಿಲ್ಲ. ಅವನ ಕಣ್ಣು ತಕ್ಕಡಿಯ ಮೇಲೆ, ಅಚ್ಚಿನ ಮೇಲೆ, ನೊಣದ ಮೇಲೆ. ಎಲ್ಲವೂ ಕೆಳಗೇ ಇರುವಂಥವು. ಮದುವೆಯಾದ ಮೇಲೆ ಅವನು ಆಕಾಶ ನೋಡಿದ್ದು ಮೋಡ ಬಂದಾಗ ಮಾತ್ರ, ಅದೂ ಬೆಲ್ಲ ಕರಗೀತೆಂಬ ಹೆದರಿಕೆಗೆ. ಅಲ್ಲಿ ನೋಡುವಂಥದ್ದು ಏನಾದರೂ ಇದ್ದೀತೆಂದು ಅವನಿಗೆ ತಿಳಿದಿರಲಿಲ್ಲ.

ತಟ್ಟೆ ಹಾರಿಸುತ್ತಿದ್ದವನು ರೈಲ್ವೆಯ ದೊರೆ. ಹೊಳೆಯ ಸೇತುವೆ ರಿಪೇರಿಗೆಂದು ಬಂದು ಮುಸಾಫರಿ ಬಂಗಲೆಯಲ್ಲಿ ಇಳಿದಿದ್ದ. ಹಗಲೆಲ್ಲಾ ಕಬ್ಬಿಣ ಬಡಿಸುವುದು, ಸಂಜೆ ಮರಳಿಗೆ ಬಂದು ತಟ್ಟೆ ಒಡೆಯುವುದು. ಒಂದು ಹಲಗೆಯ ಮೇಲೆ ಸ್ಪ್ರಿಂಗಿನ ಕಬ್ಬಿಣದ ತೋಳು. ದೊರೆಯ ಅಡುಗೆಯವನು ದಾಸಣ್ಣ ಹಗ್ಗ ಎಳೆದರೆ ತೋಳು ತಟ್ಟೆಯನ್ನು ಬೀಸಿ ಎಸೆಯುತ್ತಿತ್ತು. ದಾಸಣ್ಣನಿಗೆ ಇಂಗ್ಲಿಷು ಅಷ್ಟಿಷ್ಟು ಬರುತ್ತಿದ್ದರಿಂದ ದೊರೆಯ ನಾಲಿಗೆಯೂ ಅವನೇ.

ಮರುದಿನವೂ ಅಮರೇಶಪ್ಪ ಹೋಗಿ ನಿಂತ. ಅದರ ಮರುದಿನವೂ ನಿಂತ. ಲಿಂಗ ಕಟ್ಟಿದವನು, ಕೈ ಮೇಲೆ ಕೂತ ಸೊಳ್ಳೆಯನ್ನೂ ಊದಿ ಕಳಿಸುವವನು. ಪ್ರಪಂಚದಲ್ಲಿ ತುಪಾಕಿ ಮಾಡುವ ಕೆಲಸಗಳಲ್ಲೆಲ್ಲಾ ಯಾರ ಪ್ರಾಣವೂ ಹೋಗದ ಕೆಲಸ ಇದೊಂದೇ; ಇದನ್ನು ಶಿವ ತನಗಾಗಿಯೇ ಮಾಡಿಟ್ಟಿದ್ದಾನೆ ಎಂದು ಅವನಿಗೆ ಅನ್ನಿಸಿಬಿಟ್ಟಿತು. ಒಂದೇ ಒಂದು ತಟ್ಟೆ. ಅದು ಮೇಲೆ ನಿಂತ ಗಳಿಗೆಯಲ್ಲಿ ತಾನು ಒಂದನ್ನು ಪುಡಿ ಮಾಡಬೇಕು. ಆಮೇಲೆ ಬೇಕಾದರೆ ಇಡೀ ಜನ್ಮ ತಲೆ ತಗ್ಗಿಸಿ ಬೆಲ್ಲ ತೂಗುತ್ತಾ ಕೂರಬಹುದು.

ದಿನವೂ ಬಂದು ಕೊಡೆ ಊರಿ ನಿಲ್ಲುವವನನ್ನು ದೊರೆ ಒಂದು ಸಂಜೆ ಹತ್ತಿರ ಕರೆದು, ತನ್ನ ತುಪಾಕಿಯನ್ನು ಅವನ ಕೈಗೆ ಕೊಟ್ಟ. ದೊರೆ ಬಾಗಿಲಷ್ಟು ಎತ್ತರದ ಆಳು, ಅಮರೇಶಪ್ಪ ಕಿಟಕಿ. ತುಪಾಕಿಯ ಹಿಡಿ ಹೆಗಲಿಗೆ ತಾಕಿದರೆ ಬೆರಳು ಗುಂಡು ಹಾರಿಸುವ ಕುದುರೆಗೆ ಎಟುಕುವುದಿಲ್ಲ, ಕುದುರೆಗೆ ಎಟುಕಿದರೆ ಹಿಡಿ ಕಂಕುಳ ದಾಟಿ ಬೆನ್ನ ಹಿಂದಕ್ಕೆ ಹೋಗುತ್ತದೆ. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕು, ಅವನ ಮೊಳಕೈ ಮಡಿಸಿ ತೋರಿಸಿ ಏನೇನೋ ಹೇಳಿದ. ದಾಸಣ್ಣ ಅದನ್ನು ಕನ್ನಡಕ್ಕೆ ಇಳಿಸಿದ.

"ಒಬ್ರ ಕೆರ ಇನ್ನೊಬ್ರ ಕಾಲಿಗಾಯ್ತದಾ ಸಾವ್ಕಾರ್ರೇ? ಇದು ದೊರೆಗಳ ತೋಳಿಗೆ ಮಾಡ್ಸಿದ್ದು. ನಿಮ್ಮ ತೋಳಿಗಾಗೋದೊಂದು ತಂದ್ಬುಟ್ರೆ ಅವ್ರೇ ಕಲಿಸ್ತಾರಂತೆ. ಜೋಡಿ ನಳಿಗೆದು ಬ್ಯಾಡ, ಭಾರ, ದುಡ್ಡೂ ಜಾಸ್ತಿ. ಮದ್ದು ಜಡಿಯೋ ನಾಡ ತುಪಾಕಿ ಬ್ಯಾಡ. ನಡು ಮಡಚಿ ತೋಟಾ ಹಾಕೋ ಒಂಟಿ ನಳಿಗೆದು, ಹಗೂರಾಗಿರ್ಬೇಕು. ಹಿಡಿನ ಮೊಳಕೈ ಒಳಗೆ ಆನಿಸ್ದಾಗ ತೋರುಬೆರಳು ಕುದುರೆ ಮೇಲೆ ಕೂತ್ರೆ ಅದು ನಿಮ್ದು. ಇಲ್ಲಾಂದ್ರೆ ಪುಕ್ಕಟೆ ಕೊಟ್ರೂ ತಗಾಬ್ಯಾಡಿ."

ದೊರೆಗಳು ಎಷ್ಟು ದಿನ ಇರುತ್ತಾರೆಂದು ಅಮರೇಶಪ್ಪ ಕೇಳಿದ. ಸೇತುವೆ ಮುಗಿಯುವ ತನಕ, ಉಗಾದಿ ಕಳೆದು ಸ್ವಲ್ಪ ದಿನ, ಎಂದ ದಾಸಣ್ಣ.

ಅವತ್ತಿನಿಂದ ಅಮರೇಶಪ್ಪನ ಮೊಳಕೈಗೆ ಕೆಲಸ ಬಂತು. ಕೊಡೆ, ಮುದ್ದೆಕೋಲು, ಸೌದೆ, ಯಾವುದು ಕೈಗೆ ಸಿಕ್ಕರೂ ಮೊಳಕೈಗೆ ಆನಿಸಿ ಬೆರಳು ಎಲ್ಲಿಗೆ ಬರುತ್ತದೆಂದು ನೋಡುವುದು. ಅವನ ಹೆಂಡತಿ ವೀರಭದ್ರಮ್ಮ ಕಲ್ಯಾಣದುರ್ಗದವಳು. ಚಿಕ್ಕಂದಿನಲ್ಲಿ ಜೋಳದ ಹೊಲದ ಅಟ್ಟಣೆ ಹತ್ತಿ, ಕವಣೆ ಬೀಸಿ ಹಕ್ಕಿ ಓಡಿಸಿ ಬೆಳೆದ ಹೆಣ್ಣು; ಅವಳ ಕಣ್ಣಿಗೆ ಬೀಳದ್ದು ಕಡಿಮೆ.

"ಏನೂಂದ್ರೆ, ಮೊಳಕೈ ನೋವಾ?"

"ಇಲ್ಲ ಕಣೇ."

"ಮತ್ತೆ ಒನಕೆನ ಎದೆಗವುಚ್ಕೊಂಡು ಸೂರು ನೋಡ್ತಾ ನಿಂತಿದ್ದೀರಲ್ಲ, ಅಲ್ಲೇನೈತೆ?"

ಅಮರೇಶಪ್ಪ ಇದ್ದದ್ದು ಇದ್ದಹಾಗೆ ಹೇಳಿದ. ವೀರಭದ್ರಮ್ಮ ಒನಕೆಯನ್ನು ಇಸಿದುಕೊಂಡು ಒರಳ ಪಕ್ಕ ನಿಲ್ಲಿಸಿದಳು.

"ಮಣ್ಣಿನ ತಟ್ಟೆ ಒಡಿಯಾಕೆ ತುಪಾಕಿ ಯಾಕೆ? ನಿಮ್ಮ ಕೈಗೆ ಕೊಟ್ರೆ ತಾನೇ ಒಡೀತದೆ. ಈ ಮನೇಲಿ ಉಪ್ಪಿನ ಮಡಕೆ ಒಡೆದೋರು ಯಾರು?"

ಆದರೆ ಬೇಡ ಎಂದೂ ಅವಳು ಅನ್ನಲಿಲ್ಲ. ಅದನ್ನೇ ಅಪ್ಪಣೆ ಎಂದುಕೊಂಡು ಅಮರೇಶಪ್ಪ ತುಪಾಕಿ ಹುಡುಕಲು ಹೊರಟ.

ಮೊದಲು ಲೇಪಾಕ್ಷಿಗೆ ಹೋದ. ಅಲ್ಲಿಯ ಗೋವಿಂದಪ್ಪನ ಹತ್ತಿರ ಇದ್ದದ್ದು ಅಜ್ಜನ ಕಾಲದ ನಾಡ ತುಪಾಕಿ. ಬೆಲೆ ಬೆಲ್ಲದಷ್ಟೇ ಸಿಹಿ. ಗೋವಿಂದಪ್ಪ ತೋರಿಸಲು ಶುರು ಮಾಡಿದ: ನಳಿಗೆಯ ಬಾಯಿಗೆ ಮದ್ದು ಸುರಿದು, ಚಿಂದಿ ತುರುಕಿ, ಗಜದ ಕೋಲು ಹಾಕಿ ಜಡಿದು, ಸೀಸದ ಚರೆ ಸುರಿದು, ಮತ್ತೆ ಚಿಂದಿ, ಮತ್ತೆ ಗಜ. ನಡುವೆ ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟಳು, ಕುಡಿದದ್ದಾಯಿತು, ಮಳೆ ಬೆಳೆ ಮಾತಾಡಿದ್ದಾಯಿತು. ಒಂದು ತಟ್ಟೆಗೂ ಇನ್ನೊಂದು ತಟ್ಟೆಗೂ ನಡುವೆ ಊಟ ಮುಗಿಸಿ ಒಂದು ಕಣ್ಣು ನಿದ್ದೆಯನ್ನೂ ತೆಗೆಯಬಹುದೆಂದು ಅಮರೇಶಪ್ಪನಿಗೆ ಖಾತ್ರಿಯಾಗಿ, ಕೈಮುಗಿದು ವಾಪಸು ಬಂದ.

ಅವನು ಬರುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಮಂಡಿಗೆ ಬಂದು ಕೂತಿತ್ತು. ಪಕ್ಕದಂಗಡಿಯ ಮಲ್ಲಿಕಾರ್ಜುನಪ್ಪ ಎದ್ದು ಬಂದು, ತುಪಾಕಿ ಯಾತಕ್ಕೆ ಎಂದು ಮೆಲ್ಲಗೆ ಕೇಳಿದ. ಆಕಾಶದಲ್ಲಿ ಮಣ್ಣಿನ ತಟ್ಟೆ ಒಡೆಯುವುದಕ್ಕೆ ಎಂದ ಅಮರೇಶಪ್ಪ. ಮಲ್ಲಿಕಾರ್ಜುನಪ್ಪ ಬಹಳ ಹೊತ್ತು ಅವನ ಮುಖ ನೋಡಿ, ತಲೆಯಾಡಿಸಿ, ತನ್ನ ಅಂಗಡಿಗೆ ಹೋಗಿ ಕೂತ. ವ್ಯಾಪಾರದಲ್ಲಿ ಕೂದಲು ನರೆತ ಮನುಷ್ಯ. ಒಬ್ಬ ಇಷ್ಟು ಕೆಟ್ಟ ಸುಳ್ಳು ಹೇಳಬೇಕಾದರೆ ಅದರ ಹಿಂದೆ ಎಷ್ಟು ದೊಡ್ಡ ನಿಜ ಇರಬೇಕು ಎಂದು ಲೆಕ್ಕ ಹಾಕಿದ. ಮಧ್ಯಾಹ್ನಕ್ಕೆಲ್ಲಾ ಮಂಡಿಗೆ ಲೆಕ್ಕ ಸಿಕ್ಕಿಬಿಟ್ಟಿತು: ಪೆನುಕೊಂಡದ ಅರಸರ ಕಾಲದ ಹೊನ್ನಿನ ಕೊಪ್ಪರಿಗೆಯೊಂದು ಅಮರೇಶಪ್ಪನಿಗೆ ಸಿಕ್ಕಿದೆ, ಕಾಯಲು ತುಪಾಕಿ ಬೇಕಾಗಿದೆ. ಸಂಜೆಗೆ ಇಬ್ಬರು ಬಂದು ಸಾಲ ಕೇಳಿದರು. ಮೂರನೆಯವನು ಹೆಣ್ಣಿನ ಮದುವೆಗೆ ಆಶೀರ್ವಾದ ಮಾಡಬೇಕೆಂದು ಕರೆದು ಹೋದ.

ಆಮೇಲೆ ಪರಿಗಿ. ಅಲ್ಲಿಯ ಲಕ್ಷ್ಮಣಪ್ಪನದು ಜೋಡಿ ನಳಿಗೆಯದು. ದೊರೆ ಬೇಡ ಎಂದಿದ್ದರೂ ನೋಡುವುದಕ್ಕೇನು ಎಂದು ಅಮರೇಶಪ್ಪ ಎತ್ತಿ ಹೆಗಲಿಗಿಟ್ಟ. ಎತ್ತುವುದೇನೋ ಎತ್ತಿದ, ಇಳಿಸಲು ಆಗಲಿಲ್ಲ. ಅವನು ಎತ್ತ ವಾಲಿದರೆ ನಳಿಗೆ ಅತ್ತ. ಅಂಗಳದಲ್ಲಿದ್ದ ಹುಂಜ ಸೂರು ಹತ್ತಿತು, ಲಕ್ಷ್ಮಣಪ್ಪನ ತಾಯಿ ನಡುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಲಕ್ಷ್ಮಣಪ್ಪ ಹಿಂದಿನಿಂದ ಬಂದು ಅವನನ್ನೂ ತುಪಾಕಿಯನ್ನೂ ಒಟ್ಟಿಗೆ ತಬ್ಬಿ ಇಳಿಸಿದ. ಆದರೂ ಆಸೆ ಬಿಡದೆ, ಕಡಲೆಕಾಯಿ ಹೊಲ ಅಗೆಯುವ ಹಂದಿಗಳನ್ನು ಹೊಡೆದುಕೊಟ್ಟರೆ ಬೆಲೆ ಇಳಿಸುತ್ತೇನೆ ಎಂದ. ಹಂದಿಯನ್ನಲ್ಲ, ತಟ್ಟೆಯನ್ನು ಮಾತ್ರ ಎಂದ ಅಮರೇಶಪ್ಪ.

"ಏಮಿ ಸಾವ್ಕಾರ್ರೇ, ತಟ್ಟೆ ಬಂದು ಹೊಲ ಮೇಯ್ತದಾ?" ಎಂದ ಲಕ್ಷ್ಮಣಪ್ಪ.

ಅದಾದ ಮೇಲೆ ಬೆಲ್ಲ ತರುವ ರೈತರೆಲ್ಲಾ ಹಂದಿಯ ವರ್ತಮಾನವನ್ನೂ ತರತೊಡಗಿದರು. ನಮ್ಮೂರದ್ದು ಎಮ್ಮೆಕರುವಿನಷ್ಟಿದೆ ಎಂದು ಒಬ್ಬ, ನಮ್ಮದು ಎಮ್ಮೆಯಷ್ಟೇ ಇದೆ ಎಂದು ಇನ್ನೊಬ್ಬ. ಹಂದಿಯ ಮಾತು ಬಂದಲ್ಲಿ ಬಾಡಿನ ಮಾತು ಬಾರದೆ ಇರುತ್ತದೆಯೇ? ಅಮರೇಶಪ್ಪ ಜಾತಿ ಕೆಟ್ಟನೆಂದು ನೆಂಟರ ಮನೆಗಳಲ್ಲಿ ಪಿಸುಮಾತಾಯಿತು. ಒಂದು ಸೋಮವಾರ ಮಠದ ಅಯ್ಯನವರೇ ಹೇಳದೆ ಕೇಳದೆ ಊಟದ ಹೊತ್ತಿಗೆ ಬಂದು, ಅಡುಗೆ ಏನು ಎಂದು ವಿಚಾರಿಸಿದರು. ಹುರುಳಿ ಸಾರು ಬುದ್ಧಿ, ಎಂದಳು ವೀರಭದ್ರಮ್ಮ. ಅಯ್ಯನವರು ಬಡಿಸಿಕೊಂಡು ಪರೀಕ್ಷೆ ಮಾಡಿದರು. ಅನುಮಾನ ತೀರದೆ ಎರಡನೆಯ ಸಲ ಪರೀಕ್ಷೆ ಮಾಡಿದರು. ಮೂರನೆಯ ಸಲಕ್ಕೆ ಪಾತ್ರೆ ಬರಿದಾಯಿತು, ಅಮರೇಶಪ್ಪನ ಜಾತಿ ಉಳಿಯಿತು. ಅವತ್ತು ಮಧ್ಯಾಹ್ನ ಗಂಡಹೆಂಡಿರು ಮಜ್ಜಿಗೆಯಲ್ಲಿ ಮುದ್ದೆ ಮುಳುಗಿಸಿದರು.

ಇತ್ತ ಸೇತುವೆಯ ಮೇಲೆ ಕಬ್ಬಿಣದ ಸದ್ದು ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಅಮರೇಶಪ್ಪನಿಗೆ ಅಂಗಡಿಯಲ್ಲಿ ಕೂತರೂ ಕಿವಿ ಅತ್ತಲೇ. ಸದ್ದು ಜೋರಾಗಿದ್ದರೆ ಬೆಲ್ಲ ತೂಗುವುದು, ನಿಂತರೆ ತಕ್ಕಡಿ ಬಿಟ್ಟು ಬೀದಿಗೆ ಬಂದು ನೋಡುವುದು. ಊರಿಗೆಲ್ಲಾ ಸೇತುವೆ ಮುಗಿಯಲಿ ಎಂಬ ಬಯಕೆ. ಅದು ಇನ್ನೊಂದು ಸಲ ಸ್ವಲ್ಪ ಕೆಡಲಿ ಎಂದು ಶಿವನಿಗೆ ಕೈಮುಗಿದವನು ಅವನೊಬ್ಬನೇ.

ಉಗಾದಿಯ ಬೇವು ಬೆಲ್ಲ ತಿಂದ ಮರುದಿನ ಕಲ್ಯಾಣದುರ್ಗದಿಂದ ಮಾತು ಬಂತು. ಅಲ್ಲಿ ಮುತ್ಯಾಲಪ್ಪನೆಂಬ ಮುದುಕ ಕುರಿಮಂದೆ ಇಟ್ಟಿದ್ದನಂತೆ. ಈಗ ಮಂದೆ ಮಾರಿದ್ದಾನೆ, ತೋಳ ಹೆದರಿಸಲು ಇಟ್ಟುಕೊಂಡಿದ್ದ ಒಂಟಿ ನಳಿಗೆಯ ತುಪಾಕಿಯನ್ನೂ ಮಾರುತ್ತಾನಂತೆ. ಅಮರೇಶಪ್ಪ ಬಸ್ಸು ಹತ್ತಿ, ದಾರಿಯಲ್ಲಿ ಇಳಿದು ಇನ್ನೊಂದು ಹತ್ತಿ, ಮೈತುಂಬಾ ಧೂಳು ಮೆತ್ತಿಕೊಂಡು ಭಾವಮೈದುನ ತಿಪ್ಪೇರುದ್ರಪ್ಪನ ಮನೆಯ ಜಗುಲಿಯ ಮೇಲೆ ಇಳಿದ. ಬಂದ ಕಾರಣ ಹೇಳಲಿಲ್ಲ. ನಿಜ ಹೇಳಿ ಹೇಳಿ ಅವನಿಗೆ ಸಾಕಾಗಿತ್ತು.

ಹೇಳಿಕಳಿಸಿದ ಮೇಲೆ ಮುತ್ಯಾಲಪ್ಪ ತುಪಾಕಿಯನ್ನು ಕಂಬಳಿಯಲ್ಲಿ ಸುತ್ತಿ, ಆಗತಾನೇ ಹುಟ್ಟಿದ ಮರಿಯನ್ನು ಹೊತ್ತು ತರುವಂತೆ ಎದೆಗೆ ಅವುಚಿ ಆ ಜಗುಲಿಗೆ ತಂದ. ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿದ್ದವನು ಕುರಿಯೋ ಸಾವ್ಕಾರನೋ ಗೊತ್ತಾಗುವುದಿಲ್ಲ, ಇನ್ನು ತೋಳ ಎಲ್ಲಿ ಕಾಣಬೇಕು ಎಂದು ನಕ್ಕ. ಕಂಬಳಿ ಬಿಚ್ಚಿದರೆ ಹಿಡಿಯ ಮರ ಅಕ್ಕಸಾಲಿಯ ಮನೆಯ ಮಣೆಯ ಹಾಗೆ ನುಣುಪು. ಅಮರೇಶಪ್ಪ ಮೊಳಕೈ ಮಡಿಸಿದ. ಹಿಡಿ ಒಳಗೆ ಬಂದು ಕೂತಿತು. ತೋರುಬೆರಳು ತಾನಾಗಿಯೇ ಹೋಗಿ ಕುದುರೆಯ ಮೇಲೆ ಕೂತಿತು. ಅಮರೇಶಪ್ಪನ ಕಣ್ಣು ಒದ್ದೆಯಾಯಿತು.

ಇನ್ನು ಬೆಲೆ. ದೊಡ್ಡ ವ್ಯಾಪಾರವನ್ನು ಬಾಯಲ್ಲಿ ಆಡಿ ಗೊತ್ತಿಲ್ಲದವರು ಇಬ್ಬರೂ. ಅಮರೇಶಪ್ಪ ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಮೇಲೆ ಹಾಸಿದ. ಅದರ ಕೆಳಗೆ ಬೆರಳು ಬೆರಳು ಮಾತಾಡಿದವು. ಇವನು ಎರಡು ಹಿಡಿದರೆ ಅವನು ನಾಲ್ಕು ಹಿಡಿದ. ಇವನು ಬಿಟ್ಟ, ಅವನು ಎಳೆದುಕೊಂಡ. ಮುಖ ಮಾತ್ರ ಎರಡೂ ಕಲ್ಲು. ಬೆಲ್ಲದ ಮಂಡಿಯಲ್ಲಿ ಒಪ್ಪಿಗೆಯಾದರೆ ಕೊನೆಗೆ ಎದುರಿನವನ ಅಂಗೈಗೆ ಹೆಬ್ಬೆಟ್ಟು ಒತ್ತುವುದು ಪದ್ಧತಿ. ಅಮರೇಶಪ್ಪ ಹೆಬ್ಬೆಟ್ಟು ಒತ್ತಿದ. ಮುದುಕ ಒಂದು ಗಳಿಗೆ ತಡೆದು, ತಾನೂ ಒತ್ತಿದ. ಎಷ್ಟಕ್ಕೆ ಮುಗಿಯಿತೆಂಬುದು ಆ ಟವೆಲ್ಲಿಗೆ ಬಿಟ್ಟು ಇವತ್ತಿಗೂ ಯಾರಿಗೂ ತಿಳಿಯದು.

ಇದನ್ನೆಲ್ಲಾ ಬಾಗಿಲ ಸಂದಿಯಿಂದ ತಿಪ್ಪೇರುದ್ರಪ್ಪ ನೋಡುತ್ತಿದ್ದ. ಅಕ್ಕನ ಮದುವೆಯಲ್ಲಿ ಕೊಡುತ್ತೇವೆಂದು ಮಾತಾಡಿ, ಈ ತನಕ ಕೊಡದೆ ಉಳಿಸಿಕೊಂಡಿದ್ದ ಹುಣಸೆ ಮರ ಎರಡಿದ್ದವು. ವರ್ಷವರ್ಷವೂ ಕಾಯಿ ಉದುರಿಸುವಾಗ ಅವನ ಎದೆಯೂ ಒಂದಿಷ್ಟು ಉದುರುತ್ತಿತ್ತು. ಈಗ ನೋಡಿದರೆ ಭಾವ ಹೇಳದೆ ಬಂದಿದ್ದಾನೆ, ತೊಡೆಯ ಮೇಲೆ ತುಪಾಕಿ, ಟವೆಲ್ ಕೆಳಗೆ ಯಾರೋ ಮುದುಕನ ಜೊತೆ ಗುಟ್ಟಿನ ಒಪ್ಪಂದ, ಕಣ್ಣಲ್ಲಿ ನೀರು ಬೇರೆ. ತಿಪ್ಪೇರುದ್ರಪ್ಪ ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಒಂದು ಲೋಟ ಹಾಲಿನೊಂದಿಗೆ ಹೊರಗೆ ಬಂದ.

"ಭಾವ, ಆ ಹುಣಸೆ ಮರ ಎರಡೂ ಅಕ್ಕಂದೇ. ನಾನೇನು ಇಲ್ಲ ಅಂದಿದ್ನಾ? ಇವತ್ತೇ ತಗಾಳ್ಳಿ."

"ಮರ ಯಾಕಪ್ಪಾ? ನಾನು ಬಂದಿದ್ದು ತಟ್ಟೆ ವಿಚಾರಕ್ಕೆ."

"ಆಗ್ಲಿ ಭಾವ, ತಟ್ಟೇನೂ ಅಕ್ಕಂದೇ," ಎಂದು ತಿಪ್ಪೇರುದ್ರಪ್ಪ ಒಳಗೆ ಓಡಿ, ತಾಯಿ ಕಾಲದ ಎರಡು ಕಂಚಿನ ತಟ್ಟೆಗಳನ್ನು ತಂದು ಅವನ ಮುಂದಿಟ್ಟ. ಅಮರೇಶಪ್ಪ ಎಷ್ಟು ಬೇಡವೆಂದರೂ ಬಿಡದೆ ಅವನ್ನು ಚೀಲಕ್ಕೆ ತುಂಬಿ, ಬಸ್ಸಿನ ತನಕ ತಾನೇ ಹೊತ್ತುಕೊಂಡು ಬಂದ.

ಬಸ್ಸಿನಲ್ಲಿ ಅಮರೇಶಪ್ಪ ಕೂತ. ಪಕ್ಕದಲ್ಲಿ ಕಂಬಳಿ ಸುತ್ತಿದ ತುಪಾಕಿಯನ್ನು ಹಿಡಿದು ಮುತ್ಯಾಲಪ್ಪನೂ ಕೂತ. ಬೀಳ್ಕೊಡಲು ಬಂದಿರಬೇಕು ಎಂದುಕೊಂಡ ಅಮರೇಶಪ್ಪ. ಬಸ್ಸು ಹೊರಟಿತು. ಮುದುಕ ಇಳಿಯಲಿಲ್ಲ.

"ನೀನೆಲ್ಲಿಗಪ್ಪಾ?"

"ನಿಮ್ಮನೇಗೆ ಸಾಮೀ. ನೀವೇ ಹೆಬ್ಬೆಟ್ಟು ಒತ್ತಿದ್ರಲ್ಲ."

ಆಮೇಲೆ ಒಂದೊಂದಾಗಿ ತಿಳಿಯಿತು. ಬೆಲ್ಲದವರ ಬೆರಳಿನ ಭಾಷೆ ಬೇರೆ, ಕುರಿಯವರದು ಬೇರೆ. ಕುರಿಯವರಲ್ಲಿ ಹೆಬ್ಬೆಟ್ಟು ಒತ್ತಿದರೆ, ಮಾರಿದವನೂ ಮಂದೆಯ ಜೊತೆಗೆ ಬರಬೇಕೆಂದು ಅರ್ಥ. ಕುರಿ ಹೊಸ ಹಟ್ಟಿಗೆ ಹೊಂದಿಕೊಳ್ಳುವ ತನಕ ಕೊಂಡವನ ಮನೆಯಲ್ಲೇ ಇದ್ದು, ಅಲ್ಲೇ ಉಂಡು, ನೋಡಿಕೊಂಡು ಬರುವುದು ಧರ್ಮ. ನಾನು ಕೊಂಡದ್ದು ಕುರಿಯಲ್ಲವಲ್ಲಪ್ಪಾ ಎಂದ ಅಮರೇಶಪ್ಪ. ಬೆರಳಿಗೆ ಅದು ಹೇಗೆ ಗೊತ್ತಾಗಬೇಕು ಸಾಮೀ, ಎಂದ ಮುತ್ಯಾಲಪ್ಪ. ಹೇಳುವಾಗ ಅವನ ಕೈ ಕಂಬಳಿಯ ಒಳಗೇ ಇತ್ತು.

ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ವೀರಭದ್ರಮ್ಮನ ಅಂಗಳಕ್ಕೆ ಒಂದು ತುಪಾಕಿ, ಒಬ್ಬ ಮುದುಕ, ಎರಡು ಕಂಚಿನ ತಟ್ಟೆ ಬಂದು ನಿಂತವು. ಎರಡು ಹುಣಸೆ ಮರದ ಸಮಾಚಾರ ಆಮೇಲೆ ಬಂತು. ಅವಳು ಎಲ್ಲವನ್ನೂ ಕೇಳಿ, ಕೆನ್ನೆಗೆ ಕೈ ಹಚ್ಚಿದಳು.

"ಇಷ್ಟು ವರ್ಷ ಬಾಯಲ್ಲಿ ಕೇಳಿದ್ರೂ ಬರ್ದಿದ್ದ ಮರ. ಇದು ಗೊತ್ತಿದ್ರೆ ಮದ್ವೆ ವರ್ಷವೇ ಒಂದು ತುಪಾಕಿ ತರಿಸ್ತಿದ್ದೆ," ಎಂದು ಮುದುಕನಿಗೂ ಸೇರಿಸಿ ಹಿಟ್ಟು ಕೂಡಿಸಲು ಒಳಗೆ ಹೋದಳು.

ಶನಿವಾರ ಬೆಳಿಗ್ಗೆ ಮಲ್ಲಿಕಾರ್ಜುನಪ್ಪ ಬಂದು ಜಗುಲಿಯ ಮೇಲಿನ ಮುದುಕನನ್ನು ನೋಡಿ, ಕೊಪ್ಪರಿಗೆಗೆ ಕಾವಲುಗಾರನೂ ಸಿಕ್ಕನೆಂದು ಊರಿಗೆಲ್ಲಾ ತಿಳಿಸಿದ. ಅಮರೇಶಪ್ಪ ತುಪಾಕಿಯ ವಿಚಾರ ಹೇಳಿಬರಲು ಠಾಣೆಗೆ ಹೋದ. ಹೆಡ್ ಕಾನ್‌ಸ್ಟೇಬಲ್ಲು ಸಮಾಧಾನದ ಮನುಷ್ಯ. ಲೈಸೆನ್ಸು ಮುತ್ಯಾಲಪ್ಪನ ಹೆಸರಿನಲ್ಲಿರುವ ತನಕ ತುಪಾಕಿ ಇರುವಲ್ಲಿ ಮುತ್ಯಾಲಪ್ಪ ಇರಬೇಕು, ಮುತ್ಯಾಲಪ್ಪ ಇಲ್ಲದ ತುಪಾಕಿ ಜೈಲಿಗೆ ದಾರಿ ಎಂದು ತಿಳಿಸಿ ಹೇಳಿದ. ಪದ್ಧತಿಯಿಂದ ಬಂದ ಮುದುಕನನ್ನು ಕಾನೂನೂ ಕಟ್ಟಿಹಾಕಿತು. ಈ ಮಾತಿನಲ್ಲಿ ಹೊತ್ತು ನೆತ್ತಿ ದಾಟಿತು. ಹೊರಗೆ ಬಂದಾಗ ಅಮರೇಶಪ್ಪನಿಗೆ ಏನೋ ಇಲ್ಲ ಅನ್ನಿಸಿತು. ಕಿವಿಗೊಟ್ಟ. ಹೊಳೆಯ ಕಡೆಯಿಂದ ಕಬ್ಬಿಣದ ಸದ್ದು ಇರಲಿಲ್ಲ.

ಮನೆಗೆ ಬರುವಷ್ಟರಲ್ಲಿ ವೀರಭದ್ರಮ್ಮ ಬೀದಿಗೇ ಬಂದು ನಿಂತಿದ್ದಳು. ದಾಸಣ್ಣ ಹೇಳಿಕಳಿಸಿದ್ದ: ಸೇತುವೆ ಮುಗಿಯಿತು, ಹುಕುಂ ಬಂತು, ದೊರೆಗಳು ಈಗಿನ ರೈಲಿಗೇ ಹೊರಟಿದ್ದಾರೆ.

ಅಮರೇಶಪ್ಪ ಓಡಿದ. ಓಡಿ ಅಭ್ಯಾಸವಿಲ್ಲದ ಮೈ. ಪಂಚೆ ಒಂದು ಕೈಯಲ್ಲಿ, ಮುತ್ಯಾಲಪ್ಪನ ರಟ್ಟೆ ಇನ್ನೊಂದು ಕೈಯಲ್ಲಿ. ಕಣ್ಣು ಕಾಣದ ಮುದುಕ ತುಪಾಕಿಯನ್ನು ಎದೆಗವುಚಿ ಎಳೆದಲ್ಲಿಗೆ ಓಡಿದ. ದಾರಿಯಲ್ಲಿ ಎಲ್ಲೋ ಕಂಬಳಿ ಬಿದ್ದುಹೋಯಿತು. ಹೀಗಾಗಿ ಹಿಂದೂಪುರದ ರೈಲು ನಿಲ್ದಾಣದಲ್ಲಿದ್ದ ಜನ ಕಂಡದ್ದು ಇಷ್ಟು: ಬೆಲ್ಲದ ಅಮರೇಶಪ್ಪ ಬರಿಯ ತುಪಾಕಿಯ ಸಮೇತ, ನಿಲ್ಲಿ ನಿಲ್ಲಿ ಎಂದು ಕೂಗುತ್ತಾ, ಬಿಳಿಯ ದೊರೆಯ ಡಬ್ಬಿಯ ಕಡೆಗೆ ಧಾವಿಸುತ್ತಿದ್ದಾನೆ.

ಬೆಲ್ಲದ ಪೆಟ್ಟಿಗೆ ಹತ್ತಿಸಲು ಬಂದಿದ್ದ ಮಲ್ಲಿಕಾರ್ಜುನಪ್ಪ ಪೆಟ್ಟಿಗೆಗಳ ಹಿಂದೆ ಕೂತುಬಿಟ್ಟ. ಕೊಪ್ಪರಿಗೆಯ ಲೆಕ್ಕ ತಪ್ಪೆಂದು ಅಲ್ಲೇ ಅವನಿಗೆ ಹೊಳೆಯಿತು: ಇದು ಸ್ವರಾಜ್ಯದ ಕೆಲಸ. ಯಾರೋ ವಂದೇ ಮಾತರಂ ಎಂದರು. ಕಡಲೆಕಾಯಿ ಬುಟ್ಟಿಗಳು ಉರುಳಿದವು. ಪೊಲೀಸಿನವನೊಬ್ಬ ಬಂದು ಹಿಂದಿನಿಂದ ಅಮರೇಶಪ್ಪನ ನಡು ಹಿಡಿದ.

ದೊರೆ ಕಿಟಕಿಯಿಂದ ನೋಡಿದ. ನೋಡಿ, ಬಾಗಿಲು ತೆರೆದು ಇಳಿದು ಬಂದ. ಪೊಲೀಸಿನವನ ಕೈ ಬಿಡಿಸಿ, ಮುದುಕನ ಹತ್ತಿರ ಇದ್ದ ತುಪಾಕಿ ಇಸಿದುಕೊಂಡು, ನಡು ಮಡಚಿ ಒಳಗೆ ಖಾಲಿ ಇದೆಯೆಂದು ನೋಡಿ, ಅಮರೇಶಪ್ಪನ ಮೊಳಕೈ ಮಡಿಸಿ ಅದರೊಳಗೆ ಹಿಡಿಯನ್ನು ಆನಿಸಿದ. ಬೆರಳು ಕುದುರೆಯ ಮೇಲೆ ಕೂತಿತು. ದೊರೆ ಬಾಗಿ, ಆ ಬೆರಳನ್ನು ಹತ್ತಿರದಿಂದ ನೋಡಿ, ಕಲಿತಿದ್ದ ಒಂದೇ ಕನ್ನಡ ಮಾತನ್ನು ಹೇಳಿದ.

"ಸರಿ ಐತೆ."

ಗಾರ್ಡು ಸೀಟಿ ಹಾಕಿದ. ದೊರೆ ಹತ್ತಿದ. ರೈಲು ಹೊರಟಿತು. ಸ್ಪ್ರಿಂಗಿನ ಕಬ್ಬಿಣದ ತೋಳು ಸಾಮಾನಿನ ಡಬ್ಬಿಯೊಳಗೆ ಗೋಣಿ ಹೊದ್ದು ಮಲಗಿತ್ತು, ಅದೂ ಹೋಯಿತು. ದಾಸಣ್ಣ ಮಾತ್ರ ಚಲಿಸುವ ಡಬ್ಬಿಯಿಂದ ಬಾಗಿ ಒಂದು ಹುಲ್ಲು ತುಂಬಿದ ಪೆಟ್ಟಿಗೆಯನ್ನು ಇಳಿಸಿ, ದೊರೆಗಳು ಕೊಟ್ಟರೆಂದು ಕೂಗಿದ. ಅದರಲ್ಲಿ ಉಳಿದ ತಟ್ಟೆಗಳಿದ್ದವು.

ಅಮರೇಶಪ್ಪ ಪ್ಲಾಟ್‌ಫಾರಮ್ಮಿನ ಮೇಲೆ ಮೊಳಕೈ ಮಡಿಸಿಕೊಂಡೇ ಬಹಳ ಹೊತ್ತು ನಿಂತಿದ್ದ. ತೋಳಿಗೆ ಸರಿಹೋಗುವ ತುಪಾಕಿ ಬಂತು, ತಟ್ಟೆಯೂ ಬಂತು. 'ಆಕಾಶಕ್ಕೆ ಕಳಿಸುವವರು ಯಾರು?'

ಭಾನುವಾರ ಬೆಳಕು ಹರಿಯುವಾಗ ಅವನು ಜಗುಲಿಗೆ ಬಂದ. ಮುತ್ಯಾಲಪ್ಪ ಮಲಗಿದ್ದ. ತುಪಾಕಿ ಗೋಡೆಗೆ ಒರಗಿತ್ತು, ಹೊಸ ಯಜಮಾನನದೆಂದು ದೂರವೇ ಇಟ್ಟಿದ್ದ. ಆದರೆ ನಿದ್ದೆಯಲ್ಲಿ ಮುದುಕನ ಕೈ ಪಕ್ಕದ ನೆಲವನ್ನು ಸವರುತ್ತಿತ್ತು. ಸವರಿ, ಏನೂ ಸಿಗದೆ ನಿಂತು, ಮತ್ತೆ ಸವರುತ್ತಿತ್ತು. ಅಮರೇಶಪ್ಪ ನೋಡಿ ಒಳಗೆ ಹೋದ.

ಒಳಗೆ ವೀರಭದ್ರಮ್ಮ ಕಾಲ್ಬೆರಳಿಗೆ ನಾರು ಸಿಕ್ಕಿಸಿಕೊಂಡು ಹೆಣೆಯುತ್ತಿದ್ದಳು. ಏನೆಂದು ಕೇಳಿದ್ದಕ್ಕೆ, ಕವಣೆ ಎಂದಳು.

ಸಂಜೆ ಮೂವರೂ ಹೊಳೆಗೆ ಹೋದರು. ಮೂವರೇ ಎಂದುಕೊಂಡಿದ್ದರು. ಹಿಂತಿರುಗಿ ನೋಡಿದರೆ ಅರ್ಧ ಊರು ಹಿಂದೆ ಇತ್ತು. ಸ್ವರಾಜ್ಯದವರು ಮುಂದೆ, ಕೊಪ್ಪರಿಗೆಯವರು ನಡುವೆ, ಹಂದಿಯವರು ಪಾಲಿಗೆಂದು ಬುಟ್ಟಿ ಹಿಡಿದು ಕೊನೆಗೆ. ಅಯ್ಯನವರು ದೂರದಲ್ಲಿ, ಗಾಳಿಗೆ ಬಂದವರಂತೆ. ಮುತ್ಯಾಲಪ್ಪ ಪದ್ಧತಿಗೂ ಕಾನೂನಿಗೂ ಒಟ್ಟಿಗೆ ಅಮರೇಶಪ್ಪನ ಮಗ್ಗುಲಲ್ಲಿ ನಿಂತ.

ವೀರಭದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕವಣೆಯಲ್ಲಿ ತಟ್ಟೆ ಇಟ್ಟು, ತಲೆಯ ಸುತ್ತ ಬೀಸಿದಳು. ತಟ್ಟೆ ಹೋಯಿತು. ದೊರೆಯ ಯಂತ್ರಕ್ಕಿಂತ ಮೇಲೆ ಹೋಯಿತು. ಅಮರೇಶಪ್ಪ ಕುದುರೆ ಎಳೆದ. ತುಪಾಕಿ ಅವನ ಹೆಗಲಿಗೆ ಒದೆಯಿತು, ತಟ್ಟೆ ಆಚೆ ದಡದ ಬಂಡೆಗೆ ಬಿದ್ದು ಒಡೆಯಿತು. ಇನ್ನೊಂದು ಹೋಯಿತು, ಹೊಡೆದದ್ದು ಎಲ್ಲಿಗೆ ಹೋಯಿತೋ, ಅಯ್ಯನವರು ಇನ್ನೂ ದೂರ ಸರಿದರು. ಮತ್ತೊಂದು. ಮಗದೊಂದು. ಒಡೆಯುವುದೆಲ್ಲಾ ಕೆಳಗೆ ಬಿದ್ದೇ ಒಡೆಯಿತು. ಬುಟ್ಟಿಯವರು ಎಲ್ಲಿ ಹಂದಿ, ಎಲ್ಲಿ ಹಂದಿ ಎಂದು ಪೊದೆಗಳ ಕಡೆ ನೋಡುತ್ತಿದ್ದರು.

ತುಪಾಕಿಯ ಜೊತೆ ಬಂದಿದ್ದ ತೋಟಾಗಳಲ್ಲಿ ಕೊನೆಯದನ್ನು ಮುತ್ಯಾಲಪ್ಪ ಬೆರಳಿನಿಂದ ತಡವಿ ಕೊಟ್ಟ. ಸೂರ್ಯ ದಿಬ್ಬದ ಮೇಲೆ ಕೂತಿತ್ತು. ವೀರಭದ್ರಮ್ಮ ಗಂಡನ ಮುಖ ಒಂದು ಸಲ ನೋಡಿದಳು. ಮೆಲ್ಲಗೆ ಬೀಸಿದಳು, ಹಕ್ಕಿಗೆ ಪೆಟ್ಟಾಗದ ಹಾಗೆ ಬೀಸುವಂತೆ. ತಟ್ಟೆ ಗಿರ್ರನೆ ಮೇಲೆ ಹೋಗಿ, ನೆತ್ತಿಯ ಮೇಲೆ, ಎಲ್ಲಿಗೆ ಹೋಗೋಣ ಎಂದು ಯೋಚಿಸುವಂತೆ ನಿಂತಿತು. ಅದರ ಅಂಚಿಗೆಲ್ಲಾ ಬೆಳಕು ಹತ್ತಿತು. ಹಿಡಿ ಹೆಗಲಲ್ಲಿತ್ತು, ಬೆರಳು ಕುದುರೆಯ ಮೇಲಿತ್ತು, ನಳಿಗೆ ನೇರ ಅದರ ಕಡೆಗೇ ಇತ್ತು.

ಢಮ್ ಎನ್ನಲಿಲ್ಲ. ತಟ್ಟೆ ನಿಧಾನವಾಗಿ ಇಳಿದು ಬಂದು ಮೆತ್ತನೆಯ ಮರಳಿನಲ್ಲಿ ಕೂತಿತು. ಒಡೆಯಲಿಲ್ಲ.

"ಯಾಕೆ ಹೊಡೀಲಿಲ್ಲ?" ಎಂದಳು ವೀರಭದ್ರಮ್ಮ.

"ನೋಡ್ತಿದ್ದೆ ಕಣೇ," ಎಂದ ಅಮರೇಶಪ್ಪ.

ಬುಟ್ಟಿಯವರು ಬೈದುಕೊಂಡು ಹೊರಟರು. ಮಲ್ಲಿಕಾರ್ಜುನಪ್ಪ ಮಾತ್ರ, ಒಡೆಯದೆ ಬಂದ ಆ ತಟ್ಟೆಯಲ್ಲೇ ಏನೋ ಇದೆ ಎಂದು ಪಕ್ಕದವನಿಗೆ ಹೇಳುತ್ತಾ ಹೋದ.

ಮನೆಗೆ ಬಂದು ಅಮರೇಶಪ್ಪ ಜಗುಲಿಯ ಮೇಲೆ ಕೂತ. ತುಪಾಕಿಯನ್ನು, ಒಳಗಿನ ತೋಟಾ ತೆಗೆದಿಟ್ಟು, ಮುತ್ಯಾಲಪ್ಪನ ಮುಂದಕ್ಕೆ ಸರಿಸಿದ. ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈಮೇಲೆ ಹಾಸಿದ. ಈ ಸಲ ಬೆರಳುಗಳಿಗೆ ಹೆಚ್ಚು ಮಾತಿರಲಿಲ್ಲ. ಮುದುಕ ಕೊನೆಗೆ ಹೆಬ್ಬೆಟ್ಟು ಒತ್ತಿದ. ಅಮರೇಶಪ್ಪನೂ ಒತ್ತಿದ. ಒತ್ತಿದ ಮೇಲೆ ಇಬ್ಬರಿಗೂ ಕುರಿಯವರ ಪದ್ಧತಿ ನೆನಪಾಯಿತು.

ವೀರಭದ್ರಮ್ಮ ಒಡೆಯದ ತಟ್ಟೆಯನ್ನು ದೀಪದ ಗೂಡಿನಲ್ಲಿಟ್ಟು ಬಂದು, ಗಂಡನ ಪಂಚೆ ಮಡಿಸಿ ಚೀಲಕ್ಕೆ ಹಾಕತೊಡಗಿದಳು. ಹುಣಸೆ ಮರಗಳನ್ನೂ ಒಂದು ಸಲ ನೋಡಿಕೊಂಡು ಬನ್ನಿ ಎಂದಳು.

"ತುಪಾಕಿ ಹೊಂದ್ಕೊಳ್ಳೋ ತಂಕ ಇದ್ದು ಬನ್ನಿ."

"ಅದು ಅದ್ರ ಹಳೇ ಮನೆ ಕಣೇ. ಅದೇನು ಹೊಂದ್ಕೊಳ್ಳೋದು?"

"ಹಂಗಾದ್ರೆ ನೀವು ಹೊಂದ್ಕೊಳ್ಳೋ ತಂಕ," ಎಂದಳು ವೀರಭದ್ರಮ್ಮ.

ದೊರೆ ಹೋದದ್ದು ಶನಿವಾರ. ಸೋಮವಾರ ಬೆಳಗಿನ ಬಸ್ಸಿಗೆ ಮುತ್ಯಾಲಪ್ಪ ಹೋದ, ಅವನ ತೊಡೆಯ ಮೇಲೆ ವೀರಭದ್ರಮ್ಮ ಕೊಟ್ಟ ಕಂಬಳಿ ಸುತ್ತಿಕೊಂಡು ತುಪಾಕಿ ಹೋಯಿತು. ಕೊಟ್ಟವನು ಜೊತೆಗೆ ಹೋಗಬೇಕೆಂಬುದು ಅಲ್ಲಿಯ ಪದ್ಧತಿಯಾದ್ದರಿಂದ, ಕೊಡೆಯನ್ನು ಮೊಳಕೈಗೆ ಆನಿಸಿ ಹಿಡಿದು, ಕಿಟಕಿಯಿಂದ ಆಕಾಶ ನೋಡುತ್ತಾ, ಅಮರೇಶಪ್ಪನೂ ಹೋದ.